ಐಟಿ ರಿಟರ್ನ್ಸ್ ಹಾಕಿದ್ದರೆ ಅಪಘಾತಕ್ಕೆ ಸರ್ಕಾರದಿಂದ ಹತ್ತು ಪಟ್ಟು ಹಣ? ಆ ಫಾರ್ವರ್ಡ್ ಸುಳ್ಳು, ಪರಿಹಾರದ ಹಕ್ಕು ನಿಜ

ಈ ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಒಂದಲ್ಲ ಒಂದು ಸಲ ಬಂದಿರುತ್ತದೆ. ಅಪಘಾತದಲ್ಲಿ ಸತ್ತ ವ್ಯಕ್ತಿ ಹಿಂದಿನ ಮೂರು ವರ್ಷ ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸಿದ್ದರೆ, ಆ ಮೂರು ವರ್ಷದ ಸರಾಸರಿ ಆದಾಯದ ಹತ್ತು ಪಟ್ಟು ಹಣವನ್ನು ಸರ್ಕಾರವೇ ಅವರ ಕುಟುಂಬಕ್ಕೆ ಕೊಡಬೇಕು ಎನ್ನುವುದು ಅದರ ಸಾರ. ಕೊನೆಯಲ್ಲಿ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 166 ಎಂಬ ಉಲ್ಲೇಖ, ಸುಪ್ರೀಂ ಕೋರ್ಟಿನ 2013ರ ಒಂದು ಸಿವಿಲ್ ಅಪೀಲಿನ ನಂಬರ್, ಜೊತೆಗೆ ‘ಎಲ್ಲರಿಗೂ ಕಳಿಸಿ, ಒಬ್ಬರಿಗಾದರೂ ಉಪಯೋಗವಾಗಲಿ’ ಎಂಬ ಮನವಿ ಇರುತ್ತದೆ. ಸೆಕ್ಷನ್ನು, ನಂಬರು, ತಾರೀಖು ಎಲ್ಲ ಇರುವುದರಿಂದ ಓದಿದವರಿಗೆ ಅನುಮಾನ ಬರುವುದಿಲ್ಲ.

ದಾವಣಗೆರೆಯ ಸರಸ್ವತಿ ನಗರದಲ್ಲಿರಲಿ, ಹರಿಹರದ ಪೇಟೆಯಲ್ಲಿರಲಿ, ಇಂಥ ಮೆಸೇಜಿಗೆ ಬೇಗ ಕಿವಿಗೊಡುವುದಕ್ಕೆ ಕಾರಣವೂ ಇದೆ. ಪುಣೆ-ಬೆಂಗಳೂರು ಹೆದ್ದಾರಿ, ಅಂದರೆ ಈಗಿನ ರಾಷ್ಟ್ರೀಯ ಹೆದ್ದಾರಿ 48, ಈ ಎರಡೂ ಊರುಗಳ ಮಗ್ಗುಲಲ್ಲೇ ಹಾದು ಹೋಗುತ್ತದೆ. ಊರೊಳಗಿನ ಹಳೇ ಪಿ.ಬಿ. ರಸ್ತೆಯಲ್ಲಿ ಲಾರಿ, ಬಸ್ಸು, ಆಟೋ, ಬೈಕು, ಸೈಕಲ್ಲು, ನಡೆದು ಹೋಗುವವರು ಎಲ್ಲ ಒಟ್ಟಿಗೇ ಇರುತ್ತಾರೆ. ಅಪಘಾತದ ಸುದ್ದಿ ಇಲ್ಲಿ ದೂರದ ಸುದ್ದಿಯಲ್ಲ.

ಚುಟುಕಾಗಿ ಹೇಳುವುದಾದರೆ

ಹತ್ತು ಪಟ್ಟು ಕೊಡುವ ಸರ್ಕಾರಿ ಯೋಜನೆ ಇಲ್ಲ. ಸೆಕ್ಷನ್ 166ರಲ್ಲಿ ಐಟಿ ರಿಟರ್ನ್ಸ್ ಎಂಬ ಮಾತೇ ಇಲ್ಲ. ಆದರೆ ಅಪಘಾತಕ್ಕೆ ಪರಿಹಾರ ಕೇಳುವ ಹಕ್ಕು ಎಲ್ಲರಿಗೂ ಇದೆ. ಒಂದು ಸಲವೂ ರಿಟರ್ನ್ಸ್ ಹಾಕದ ಹಮಾಲಿಗೂ ಇದೆ, ಮನೆ ನೋಡಿಕೊಳ್ಳುವ ಗೃಹಿಣಿಗೂ ಇದೆ. ಹಲವು ಸಲ ಸಿಗುವ ಮೊತ್ತ ಆ ಮೆಸೇಜು ಹೇಳುವ ‘ಹತ್ತು ಪಟ್ಟಿ’ಗಿಂತ ಹೆಚ್ಚೇ ಇರುತ್ತದೆ. ಆದರೆ ಅದನ್ನು ಅರ್ಜಿ ಹಾಕಿ ಕೇಳಬೇಕು, ಅದಕ್ಕೊಂದು ಕಾಲಮಿತಿಯೂ ಇದೆ.

ಈ ಫಾರ್ವರ್ಡಿನಿಂದ ಆಗುವ ನಿಜವಾದ ನಷ್ಟ ಇಲ್ಲೇ ಇದೆ. ‘ನಮ್ಮವರು ರಿಟರ್ನ್ಸ್ ಹಾಕಿರಲಿಲ್ಲ, ನಮಗೇನೂ ಬರೋದಿಲ್ಲ’ ಎಂದು ಒಂದು ಬಡ ಕುಟುಂಬ ಸುಮ್ಮನೆ ಕುಳಿತರೆ, ಬರಬೇಕಾಗಿದ್ದ ಹಣ ಕೈತಪ್ಪುತ್ತದೆ.

ಸೆಕ್ಷನ್ 166ರಲ್ಲಿ ನಿಜವಾಗಿ ಏನಿದೆ?

ಮೋಟಾರು ವಾಹನ ಕಾಯ್ದೆ 1988ರದ್ದು. ಅದರ ಸೆಕ್ಷನ್ 166 ಹೇಳುವುದು ಪರಿಹಾರದ ಅರ್ಜಿಯನ್ನು ಯಾರು ಹಾಕಬಹುದು, ಎಲ್ಲಿ ಹಾಕಬಹುದು ಎಂಬಂಥ ವಿಷಯಗಳನ್ನು. ಗಾಯಗೊಂಡವರು ತಾವೇ ಹಾಕಬಹುದು. ಮೃತಪಟ್ಟಿದ್ದರೆ ಅವರ ವಾರಸುದಾರರು ಹಾಕಬಹುದು. ವಾಹನವೋ ಬೇರೆ ಆಸ್ತಿಯೋ ಹಾಳಾಗಿದ್ದರೆ ಅದರ ಮಾಲೀಕರು ಹಾಕಬಹುದು.

ಅರ್ಜಿ ಹೋಗುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ. ಜನರ ಬಾಯಲ್ಲಿ ಇದು ‘ಎಂವಿಸಿ ಕೇಸು’. ಕರ್ನಾಟಕದಲ್ಲಿ ಇದಕ್ಕೆಂದು ಬೇರೆ ಕಟ್ಟಡ ಹುಡುಕಬೇಕಿಲ್ಲ. ಜಿಲ್ಲಾ ನ್ಯಾಯಾಧೀಶರ ಮತ್ತು ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟುಗಳೇ ಈ ನ್ಯಾಯಮಂಡಳಿಯಾಗಿ ಕೆಲಸ ಮಾಡುತ್ತವೆ.

ಅಪಘಾತ ಎಲ್ಲಿ ಆಯಿತೋ ಅಲ್ಲೇ ಕೇಸು ಹಾಕಬೇಕು ಎಂಬ ನಿಯಮವಿಲ್ಲ. ಅರ್ಜಿದಾರರು ವಾಸವಿರುವ ಅಥವಾ ವ್ಯವಹಾರ ಮಾಡುವ ಊರಿನಲ್ಲೂ ಹಾಕಬಹುದು, ಎದುರು ಪಕ್ಷದವರು ಇರುವ ಊರಿನಲ್ಲೂ ಹಾಕಬಹುದು. ದಾವಣಗೆರೆಯ ಹುಡುಗ ಪುಣೆಯ ಬಳಿ ಅಪಘಾತಕ್ಕೆ ಸಿಕ್ಕಿದ್ದರೆ ಅವನ ತಂದೆತಾಯಿ ಪ್ರತಿ ವಾಯಿದೆಗೂ ಪುಣೆಗೆ ಓಡಬೇಕಿಲ್ಲ, ದಾವಣಗೆರೆಯಲ್ಲೇ ಅರ್ಜಿ ಹಾಕಬಹುದು.

ಹಣ ಕೊಡುವವರು ಯಾರು? ಸರ್ಕಾರವೇ?

ಸಾಮಾನ್ಯವಾಗಿ ಅಲ್ಲ. ತಪ್ಪು ಮಾಡಿದ ವಾಹನದ ಚಾಲಕ ಮತ್ತು ಮಾಲೀಕ ಹೊಣೆ. ಅವರ ಪರವಾಗಿ ಹಣ ಕಟ್ಟುವುದು ಆ ವಾಹನದ ಇನ್ಶೂರೆನ್ಸ್ ಕಂಪನಿ. ಪ್ರತಿ ವಾಹನಕ್ಕೂ ಥರ್ಡ್ ಪಾರ್ಟಿ ವಿಮೆ ಕಡ್ಡಾಯ ಎಂದು ಸೆಕ್ಷನ್ 146 ಹೇಳುವುದು ಇದಕ್ಕೇ. ಪೊಲೀಸರು ಹಿಡಿದರೆ ತೋರಿಸುವುದಕ್ಕೊಂದು ಕಾಗದ ಎಂದು ನಾವು ಅದನ್ನು ತಿಳಿದಿರುತ್ತೇವೆ. ನಿಜದಲ್ಲಿ ಅದು ನಮ್ಮ ಗಾಡಿಯಿಂದ ಏಟು ತಿಂದವರಿಗಾಗಿ ಮಾಡಿಸುವ ವಿಮೆ. ‘ಥರ್ಡ್ ಪಾರ್ಟಿ’ ಅಂದರೆ ಆ ಹೊರಗಿನವರು.

ವಿಮೆ ಇಲ್ಲದ ಗಾಡಿಯಾಗಿದ್ದರೆ ಪೂರ್ತಿ ಹೊಣೆ ಮಾಲೀಕನ ತಲೆಗೇ ಬರುತ್ತದೆ. ಮೊದಲ ಸಲ ವಿಮೆ ಇಲ್ಲದೆ ಸಿಕ್ಕಿಬಿದ್ದರೆ ದಂಡ 2,000 ರೂಪಾಯಿ. ಅದು ಚಿಕ್ಕ ಮಾತು. ಅಂಥ ಗಾಡಿ ಒಬ್ಬರ ಜೀವ ತೆಗೆದರೆ ಬರುವ ಆದೇಶ ಲಕ್ಷಗಳಲ್ಲಿ ಇರುತ್ತದೆ. ಕಟ್ಟದಿದ್ದರೆ ಮನೆ, ಜಮೀನು ಜಪ್ತಿಯವರೆಗೂ ಹೋಗಬಹುದು. ಸಾರಿಗೆ ನಿಗಮದ ಬಸ್ಸಾಗಿದ್ದರೆ ನಿಗಮವೇ ಹಣ ಕಟ್ಟಬೇಕು.

ಪರಿಹಾರದ ಲೆಕ್ಕ ಹೇಗೆ?

ಹತ್ತು ಪಟ್ಟು ಎಂಬ ಒಂದೇ ಅಳತೆ ಎಲ್ಲರಿಗೂ ಅನ್ವಯಿಸುವುದಿಲ್ಲ. ಎಷ್ಟು ಪಟ್ಟು ಎಂಬುದು ಮೃತರ ವಯಸ್ಸಿನ ಮೇಲೆ ನಿಲ್ಲುತ್ತದೆ. ಸುಪ್ರೀಂ ಕೋರ್ಟು 2009ರ ಸರಳಾ ವರ್ಮಾ ಪ್ರಕರಣದಲ್ಲಿ ಇದಕ್ಕೊಂದು ಪಟ್ಟಿ ಕೊಟ್ಟಿತು:

- 15ರಿಂದ 25 ವರ್ಷ: 18 ಪಟ್ಟು
- 26ರಿಂದ 30: 17
- 31ರಿಂದ 35: 16
- 36ರಿಂದ 40: 15
- 41ರಿಂದ 45: 14
- 46ರಿಂದ 50: 13
- 51ರಿಂದ 55: 11
- 56ರಿಂದ 60: 9
- 61ರಿಂದ 65: 7
- 65 ದಾಟಿದವರು: 5

2017ರ ಪ್ರಣಯ್ ಸೇಥಿ ಪ್ರಕರಣದಲ್ಲಿ ಐದು ನ್ಯಾಯಮೂರ್ತಿಗಳ ಪೀಠ ಇನ್ನೊಂದು ವಿಷಯ ಸ್ಪಷ್ಟಪಡಿಸಿತು. ಮನುಷ್ಯ ಬದುಕಿದ್ದರೆ ಅವನ ದುಡಿಮೆ ಮುಂದೆ ಹೆಚ್ಚುತ್ತಿತ್ತಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸ್ವಂತ ಉದ್ಯೋಗ ಅಥವಾ ನಿಗದಿತ ಸಂಬಳದವರಾದರೆ 40ರೊಳಗಿನವರಿಗೆ ಶೇ. 40, 40ರಿಂದ 50ರವರಿಗೆ ಶೇ. 25, 50ರಿಂದ 60ರವರಿಗೆ ಶೇ. 10 ಸೇರಿಸಬೇಕು. ಕಾಯಂ ನೌಕರಿಯವರಾದರೆ ಇದು ಕ್ರಮವಾಗಿ ಶೇ. 50, 30 ಮತ್ತು 15.

ಒಂದು ಉದಾಹರಣೆ ಹಾಕಿ ನೋಡೋಣ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ 35 ವರ್ಷದ ಒಬ್ಬ ವ್ಯಕ್ತಿ ಎಂದಿಟ್ಟುಕೊಳ್ಳಿ. ತಿಂಗಳಿಗೆ 15,000 ರೂಪಾಯಿ ದುಡಿಮೆ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ, ಒಟ್ಟು ನಾಲ್ಕು ಜನ ಅವನನ್ನೇ ನಂಬಿದ್ದಾರೆ. ಲಾರಿ ಬಡಿದು ಅವನು ತೀರಿಕೊಂಡ.

- ವರ್ಷದ ಆದಾಯ: 1,80,000
- ಮುಂದೆ ಹೆಚ್ಚಬಹುದಾಗಿದ್ದ ದುಡಿಮೆ ಶೇ. 40 ಸೇರಿಸಿದರೆ: 2,52,000
- ಅವನ ಸ್ವಂತ ಖರ್ಚೆಂದು ಕಾಲು ಭಾಗ ಕಳೆದರೆ: 1,89,000
- ವಯಸ್ಸಿಗೆ ತಕ್ಕ 16 ಪಟ್ಟು: 30,24,000 ರೂಪಾಯಿ

ಇದರ ಮೇಲೆ ಅಂತ್ಯಕ್ರಿಯೆಯ ಖರ್ಚು, ಆಸ್ತಿಯ ನಷ್ಟ, ಕುಟುಂಬದವರು ಕಳೆದುಕೊಂಡ ಒಡನಾಟ ಮತ್ತು ಆಸರೆ ಎಂಬ ಬಾಬತ್ತುಗಳಿವೆ. 2017ರಲ್ಲಿ ಇವಕ್ಕೆ 15,000, 15,000 ಮತ್ತು 40,000 ಎಂದು ನಿಗದಿಯಾಗಿದ್ದು, ಮೂರು ವರ್ಷಕ್ಕೊಮ್ಮೆ ಶೇ. 10 ಏರಿಸಬೇಕೆಂದು ಅದೇ ತೀರ್ಪು ಹೇಳಿದೆ. ಇದರ ಜೊತೆ ಬಡ್ಡಿಯೂ ಸೇರುತ್ತದೆ.

ಈಗ ವಾಟ್ಸಾಪ್ ಲೆಕ್ಕ ಹಾಕಿ: 1,80,000ದ ಹತ್ತು ಪಟ್ಟು ಅಂದರೆ 18 ಲಕ್ಷ. ಅಂದರೆ ಆ ‘ಒಳ್ಳೆ ಸುದ್ದಿ’ ಹೇಳುವುದು ಕಾನೂನು ಕೊಡುವುದಕ್ಕಿಂತ 12 ಲಕ್ಷಕ್ಕೂ ಹೆಚ್ಚು ಕಡಿಮೆ! ಮೃತರಿಗೆ 58 ವರ್ಷವಾಗಿದ್ದರೆ ಗುಣಕ 9ಕ್ಕೆ ಇಳಿಯುತ್ತದೆ, ಆಗ ಲೆಕ್ಕ ಬೇರೆಯಾಗುತ್ತದೆ. ಒಟ್ಟಿನಲ್ಲಿ ಹತ್ತು ಪಟ್ಟು ಎಂಬುದಕ್ಕೆ ಯಾವ ಆಧಾರವೂ ಇಲ್ಲ.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಮೇಲಿನದು ಲಾರಿಯವನದೇ ಪೂರ್ತಿ ತಪ್ಪು ಎಂದು ಸಾಬೀತಾದಾಗಿನ ಲೆಕ್ಕ. ಸತ್ತವರದ್ದೂ ಭಾಗಶಃ ತಪ್ಪಿದ್ದರೆ ಅಷ್ಟು ಪಾಲನ್ನು ಕೋರ್ಟು ಕಳೆಯುತ್ತದೆ.

ಸಂಬಳದ ಚೀಟಿಯೇ ಇಲ್ಲದವರ ಗತಿ?

ನಮ್ಮೂರಿನ ಹೆಚ್ಚಿನ ಜನರ ಪ್ರಶ್ನೆ ಇದೇ. ಎಪಿಎಂಸಿಯ ಹಮಾಲಿಗೆ, ತಳ್ಳುಗಾಡಿಯವರಿಗೆ, ಗಾರೆ ಕೆಲಸದವರಿಗೆ ಪೇ ಸ್ಲಿಪ್ ಎಲ್ಲಿಂದ ಬರಬೇಕು?

ಕರ್ನಾಟಕದ್ದೇ ಒಂದು ಪ್ರಕರಣ ಇದಕ್ಕೆ ಉತ್ತರ ಕೊಡುತ್ತದೆ. ಅಪಘಾತದಲ್ಲಿ ಕಾಲು ಕಳೆದುಕೊಂಡ ಒಬ್ಬ ತರಕಾರಿ ವ್ಯಾಪಾರಿಯ ಕೇಸು ಹೈಕೋರ್ಟು ದಾಟಿ ಸುಪ್ರೀಂ ಕೋರ್ಟಿಗೆ ಹೋಯಿತು. 2014ರ ಜನವರಿಯಲ್ಲಿ ತೀರ್ಪು ಬಂತು. ಅಸಂಘಟಿತ ವಲಯದಲ್ಲಿ ದುಡಿಯುವವನ ಬಳಿ ಆದಾಯದ ದಾಖಲೆ ಕೇಳುವುದರಲ್ಲಿ ಅರ್ಥವಿಲ್ಲ, ತರಕಾರಿ ಮಾರುವವನು ಅಂದಿನ ಬೆಲೆಗಳಲ್ಲಿ ತಿಂಗಳಿಗೆ 6,500 ರೂಪಾಯಿ ದುಡಿಯುತ್ತಿದ್ದ ಎಂದು ನಂಬಬಹುದು ಎಂದಿತು ಕೋರ್ಟು. ಅದೇ ಮೊತ್ತದ ಮೇಲೆ ಲೆಕ್ಕ ಹಾಕಿತು. ತಳ್ಳುಗಾಡಿ ತಳ್ಳಿ, ಓಡಾಡಿ ಮಾರುವ ಕೆಲಸಕ್ಕೆ ಕಾಲು ಎಷ್ಟು ಮುಖ್ಯ ಎಂಬುದನ್ನು ನೋಡಿ ದುಡಿಮೆಯ ನಷ್ಟವನ್ನು ಶೇ. 85 ಎಂದು ಹಿಡಿಯಿತು.

ಗೃಹಿಣಿಯರ ವಿಷಯವೂ ಹಾಗೇ. ‘ಮನೇಲೇ ಇರ್ತಿದ್ರು, ದುಡೀತಿರ್ಲಿಲ್ಲ’ ಎಂಬ ವಾದ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಅಡುಗೆ, ಮಕ್ಕಳ ಪಾಲನೆ, ಹಿರಿಯರ ಆರೈಕೆ ಇವೆಲ್ಲ ದುಡಿಮೆಯೇ, ಅದಕ್ಕೆ ಆದಾಯ ಕಲ್ಪಿಸಿ ಪರಿಹಾರ ಕೊಡಬೇಕು ಎಂದು ಸುಪ್ರೀಂ ಕೋರ್ಟು ಹಲವು ಸಲ ಹೇಳಿದೆ. 2021ರ ಜನವರಿಯ ಕೀರ್ತಿ ಪ್ರಕರಣದ ತೀರ್ಪು ಇದನ್ನು ವಿವರವಾಗಿ ಹೇಳಿದವುಗಳಲ್ಲಿ ಒಂದು.

ಹಾಗೆಂದು ಐಟಿ ರಿಟರ್ನ್ಸ್ ನಿಷ್ಪ್ರಯೋಜಕ ಎಂದಲ್ಲ. ಇದ್ದರೆ ಅದು ಆದಾಯಕ್ಕೆ ಬಲವಾದ ಸಾಕ್ಷಿ. ಫಾರ್ವರ್ಡಿನಲ್ಲಿರುವ ಸತ್ಯ ಇಷ್ಟೇ.

ಬದುಕುಳಿದವರಿಗೆ ಏನು ಸಿಗುತ್ತದೆ?

ಫಾರ್ವರ್ಡು ಸಾವಿನ ಬಗ್ಗೆ ಮಾತ್ರ ಹೇಳುತ್ತದೆ. ಆದರೆ ಕಾನೂನು ಗಾಯಾಳುಗಳನ್ನೂ ನೋಡುತ್ತದೆ. ಆಸ್ಪತ್ರೆ ಬಿಲ್ಲು, ಮುಂದೆ ಬೇಕಾಗುವ ಆಪರೇಷನ್ನು, ಓಡಾಟ ಮತ್ತು ಪೌಷ್ಟಿಕ ಆಹಾರದ ಖರ್ಚು, ನೋಡಿಕೊಳ್ಳಲು ನಿಂತವರ ಖರ್ಚು, ಮಲಗಿದ್ದ ದಿನಗಳ ಕೂಲಿ, ಅನುಭವಿಸಿದ ನೋವು, ಕಾಯಂ ಆಗಿ ಕುಗ್ಗಿದ ದುಡಿಮೆ ಇವೆಲ್ಲಕ್ಕೂ ಬೇರೆ ಬೇರೆಯಾಗಿ ಪರಿಹಾರ ಕೇಳಬಹುದು.

ಇಲ್ಲಿ ಬಹಳ ಜನ ಎಡವುವ ಜಾಗವೊಂದಿದೆ. ವೈದ್ಯರು ಕೊಡುವ ಅಂಗವೈಕಲ್ಯದ ಶೇಕಡಾವಾರು ಬೇರೆ, ದುಡಿಮೆಯ ನಷ್ಟದ ಶೇಕಡಾವಾರು ಬೇರೆ. 2010ರ ರಾಜ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ವ್ಯತ್ಯಾಸವನ್ನು ಬಿಡಿಸಿ ಹೇಳಿತು. ಕಚೇರಿಯಲ್ಲಿ ಕುಳಿತು ಬರೆಯುವ ಗುಮಾಸ್ತ ಎಡಗೈ ಕಳೆದುಕೊಂಡರೂ ಕೆಲಸದಲ್ಲಿ ಮುಂದುವರಿಯಬಹುದು. ಅದೇ ಕೈ ಹೋದರೆ ಲಾರಿ ಡ್ರೈವರನ, ಬಡಗಿಯ ಬದುಕೇ ನಿಲ್ಲುತ್ತದೆ. ಆದ್ದರಿಂದ ನಿಮ್ಮ ಕೆಲಸ ಏನು, ಆ ಕೆಲಸಕ್ಕೆ ಯಾವ ಅಂಗ ಬೇಕು, ಈಗ ಅದನ್ನು ಮಾಡಲು ಏಕೆ ಆಗುತ್ತಿಲ್ಲ ಎಂಬುದನ್ನು ವಕೀಲರಿಗೆ ಬಿಡಿಸಿ ಹೇಳಿ. ವೈದ್ಯರ ಸರ್ಟಿಫಿಕೇಟಿನಲ್ಲಿ ಅದರ ವಿವರ ಬರಲಿ.

ಗ್ರೂಪುಗಳಲ್ಲಿ ಓಡಾಡುವ ಇನ್ನಷ್ಟು ಮಾತುಗಳು

*‘ಹೆಲ್ಮೆಟ್ ಹಾಕದಿದ್ದರೆ, ಬೈಕಿನಲ್ಲಿ ಮೂವರಿದ್ದರೆ ಒಂದು ಪೈಸೆಯೂ ಬರಲ್ಲ.’*
ತಪ್ಪು. ನಿಯಮ ಮುರಿದದ್ದಕ್ಕೆ ದಂಡ ಇದೆ. ಆದರೆ ಪರಿಹಾರ ಕಡಿಮೆ ಮಾಡಬೇಕಾದರೆ ಆ ತಪ್ಪಿಗೂ ಅಪಘಾತಕ್ಕೂ, ಅಥವಾ ಆ ತಪ್ಪಿಗೂ ಆದ ಗಾಯಕ್ಕೂ ಸಂಬಂಧ ಇದೆ ಎಂದು ತೋರಿಸಬೇಕು. ಬೈಕಿನಲ್ಲಿ ಮೂವರಿದ್ದರು ಎಂಬ ಒಂದೇ ಕಾರಣಕ್ಕೆ ಪರಿಹಾರ ಕತ್ತರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಜನವರಿಯಲ್ಲಿ ಹೇಳಿದೆ. ಹಾಗೆಂದು ಹೆಲ್ಮೆಟ್ ಬಿಡಬೇಡಿ. ಪರಿಹಾರ ಬಂದರೂ ತಲೆ ವಾಪಸ್ ಬರುವುದಿಲ್ಲ.

*‘ಗುದ್ದಿದವನಿಗೆ ಲೈಸೆನ್ಸ್ ಇಲ್ಲದಿದ್ದರೆ ಇನ್ಶೂರೆನ್ಸ್ ಕಂಪನಿ ಕೈಎತ್ತುತ್ತದೆ.’*
ಪೂರ್ತಿ ನಿಜವಲ್ಲ. 2004ರ ಸ್ವರಣ್ ಸಿಂಗ್ ಪ್ರಕರಣದ ನಂತರ ಕೋರ್ಟುಗಳು ಇಂಥ ಕಡೆ ಹಲವು ಸಲ ಅನುಸರಿಸುವ ದಾರಿ ‘ಮೊದಲು ಕೊಡಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಿ’ ಎಂಬುದು. ಏಟು ತಿಂದವರು ಮಾಲೀಕನ ಹಿಂದೆ ಅಲೆಯುವುದು ಇದರಿಂದ ತಪ್ಪುತ್ತದೆ. ಇನ್ನು ಮಕ್ಕಳ ಕೈಗೆ ಬೈಕು ಕೊಡುವ ಅಪ್ಪಂದಿರಿಗೆ ಒಂದು ಮಾತು: 2019ರ ತಿದ್ದುಪಡಿಯ ಸೆಕ್ಷನ್ 199ಎ ಪ್ರಕಾರ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ ಆಗಬಹುದು.

*‘ಜೋರಾಗಿ ಓಡಿಸಿ ಸತ್ತರೆ ಯಾರಿಗೂ ವಿಮೆ ಇಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದೆ.’*
ಅರ್ಧ ಸತ್ಯ. ಇದೂ ಕರ್ನಾಟಕದ್ದೇ ಪ್ರಕರಣ. 2014ರಲ್ಲಿ ಅರಸೀಕೆರೆ ಕಡೆಗೆ ಹೋಗುತ್ತಿದ್ದ ಕಾರೊಂದು ಪಲ್ಟಿಯಾಗಿ, ಅದನ್ನು ಓಡಿಸುತ್ತಿದ್ದವರೇ ತೀರಿಕೊಂಡರು. ಅವರ ಕುಟುಂಬ 80 ಲಕ್ಷ ಕೇಳಿತು. ಅಪಘಾತ ಆದದ್ದು ಅವರದೇ ಅತಿವೇಗ ಮತ್ತು ಅಜಾಗರೂಕತೆಯಿಂದ ಎಂದು ಹೈಕೋರ್ಟು ಅರ್ಜಿ ತಳ್ಳಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ಅದರಲ್ಲಿ ಮಧ್ಯೆ ಬರಲಿಲ್ಲ. ಅಂದರೆ ತನ್ನದೇ ತಪ್ಪಿನಿಂದ ಸತ್ತವರ ಕುಟುಂಬಕ್ಕೆ ಆ ದಾರಿಯಲ್ಲಿ ಪರಿಹಾರ ಇಲ್ಲ. ಅಂಥವನ ಗಾಡಿಯಿಂದ ಏಟು ತಿಂದ ಬೇರೆಯವರ ಹಕ್ಕನ್ನು ಈ ತೀರ್ಪು ಮುಟ್ಟಿಲ್ಲ. ಓಡಿಸುವ ಮಾಲೀಕನ ಜೀವಕ್ಕೆಂದೇ ಬೇರೆ ವೈಯಕ್ತಿಕ ಅಪಘಾತ ವಿಮೆ ಇದೆ, ಅದರ ಮೊತ್ತ 15 ಲಕ್ಷ. ಪಾಲಿಸಿಯಲ್ಲಿ ಅದು ಸೇರಿದೆಯೇ ಎಂದು ಇವತ್ತೇ ನೋಡಿಕೊಳ್ಳಿ.

*‘ಗುದ್ದಿ ಓಡಿಹೋದರೆ, ಗಾಡಿ ನಂಬರೇ ಸಿಗದಿದ್ದರೆ ಅಲ್ಲಿಗೆ ಮುಗಿಯಿತು.’*
ಮುಗಿಯಲಿಲ್ಲ. ಸರ್ಕಾರದ ಯೋಜನೆ ನಿಜವಾಗಿ ಇರುವುದು ಇಲ್ಲೇ. 2022ರ ಏಪ್ರಿಲ್ 1ರಿಂದ ಇಂಥ ಪ್ರಕರಣದಲ್ಲಿ ಸಾವಾದರೆ 2 ಲಕ್ಷ, ತೀವ್ರ ಗಾಯವಾದರೆ 50,000 ರೂಪಾಯಿ. ಹಿಂದೆ ಇದು 25,000 ಮತ್ತು 12,500 ಇತ್ತು. ಇದಕ್ಕೆ ಕೋರ್ಟಿಗಲ್ಲ, ಕಂದಾಯ ಇಲಾಖೆಗೆ ಅರ್ಜಿ ಹಾಕಬೇಕು. ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರು ವಿಚಾರಣೆ ಮಾಡುತ್ತಾರೆ, ಜಿಲ್ಲಾಧಿಕಾರಿ ಮಂಜೂರು ಮಾಡುತ್ತಾರೆ.

*‘ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದರೆ ಪೊಲೀಸ್, ಕೋರ್ಟು ಅಂತ ನಾವೇ ಅಲೆಯಬೇಕು.’*
ಈ ಭಯಕ್ಕೆ ಎಷ್ಟು ಜೀವ ಹೋಗಿವೆಯೋ. ಸುಪ್ರೀಂ ಕೋರ್ಟು 2016ರ ಮಾರ್ಚ್‌ನಲ್ಲೇ ಸಹಾಯ ಮಾಡುವವರ ರಕ್ಷಣೆಯ ಮಾರ್ಗಸೂಚಿಗೆ ಕಾನೂನಿನ ಬಲ ಕೊಟ್ಟಿತು. 2019ರ ತಿದ್ದುಪಡಿಯಲ್ಲಿ ಸೆಕ್ಷನ್ 134ಎ ಸೇರಿತು. ಹೆಸರು, ವಿಳಾಸ ಹೇಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಕೇಸು ಹಾಕುವಂತಿಲ್ಲ.

*‘ಕ್ರಿಮಿನಲ್ ಕೇಸಿನಲ್ಲಿ ಡ್ರೈವರ್ ಬಿಡುಗಡೆಯಾದ, ಇನ್ನು ಪರಿಹಾರವೂ ಇಲ್ಲ.’*
ಎರಡೂ ಬೇರೆ. ಕ್ರಿಮಿನಲ್ ಕೇಸಿನಲ್ಲಿ ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ಪರಿಹಾರದ ಕೇಸಿನಲ್ಲಿ ಯಾವುದು ಹೆಚ್ಚು ಸಂಭವನೀಯ ಎಂಬುದಷ್ಟೇ ಸಾಕು.

ಚಿಕಿತ್ಸೆಗೆ ಕೈಯಲ್ಲಿ ದುಡ್ಡಿಲ್ಲದಿದ್ದರೆ?

ಪರಿಹಾರ ಬರುವುದು ತಿಂಗಳುಗಟ್ಟಲೆ, ವರ್ಷಗಟ್ಟಲೆ ಆದ ಮೇಲೆ. ಜೀವ ಉಳಿಯಬೇಕಾದದ್ದು ಮೊದಲ ಗಂಟೆಯಲ್ಲಿ. ಇದಕ್ಕಾಗಿ 2025ರ ಮೇ 5ರಂದು ಕೇಂದ್ರ ಸರ್ಕಾರ ನಗದುರಹಿತ ಚಿಕಿತ್ಸೆಯ ಯೋಜನೆ ಜಾರಿಗೆ ತಂದಿದೆ. ಮೋಟಾರು ವಾಹನದಿಂದ ರಸ್ತೆಯಲ್ಲಿ ಅಪಘಾತವಾದವರಿಗೆ, ಅಪಘಾತವಾದ ದಿನದಿಂದ ಏಳು ದಿನದವರೆಗೆ, 1.5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಸಿಗುತ್ತದೆ. ತಪ್ಪು ಯಾರದು ಎಂಬುದನ್ನು ಆಗ ನೋಡುವುದಿಲ್ಲ. ಆಸ್ಪತ್ರೆಗೆ ಹೋದ ತಕ್ಷಣ ಈ ಯೋಜನೆಯ ಬಗ್ಗೆ ಕೇಳಿ. ಅಪಘಾತ ಕಂಡರೆ ಮೊದಲು 112ಕ್ಕೆ ಕರೆ ಮಾಡಿ.

ಅಪಘಾತವಾದ ಮೇಲೆ ಏನೇನು ಮಾಡಬೇಕು?

1. ಮೊದಲು ಆಸ್ಪತ್ರೆ. ಅಲ್ಲಿ ‘ರಸ್ತೆ ಅಪಘಾತ’ ಎಂದೇ ಬರೆಸಿ, ಪೊಲೀಸರಿಗೆ ಮಾಹಿತಿ ಹೋಗುವ ಎಂಎಲ್‌ಸಿ ಪ್ರಕರಣವಾಗಿ ದಾಖಲಾಗಲಿ. ಗಲಾಟೆ ಯಾಕೆ ಎಂದು ‘ಮನೆಯಲ್ಲಿ ಜಾರಿ ಬಿದ್ದೆ’ ಎಂದು ಬರೆಸಿದರೆ ಮುಂದೆ ಆ ಒಂದು ಸಾಲೇ ಕೇಸು ಕೆಡಿಸುತ್ತದೆ.

2. ಗಾಡಿಯ ನಂಬರ್, ಸ್ಥಳ, ಗುರುತುಗಳ ಫೋಟೋ ತೆಗೆಯಿರಿ. ಕಂಡವರ ಫೋನ್ ನಂಬರ್ ಬರೆದುಕೊಳ್ಳಿ. ಅಕ್ಕಪಕ್ಕದ ಅಂಗಡಿ, ಬಂಕಿನ ಸಿಸಿಟಿವಿ ಇದ್ದರೆ ಪೊಲೀಸರಿಗೆ ತಕ್ಷಣ ತಿಳಿಸಿ. ಆ ದೃಶ್ಯ ಕೆಲವೇ ದಿನದಲ್ಲಿ ಅಳಿಸಿಹೋಗಬಹುದು.

3. ಎಫ್‌ಐಆರ್ ಆಗಲಿ, ಅದರ ಪ್ರತಿ ಕೇಳಿ ಪಡೆಯಿರಿ. 2022ರ ನಿಯಮಗಳ ಪ್ರಕಾರ ಪೊಲೀಸರು 48 ಗಂಟೆಯೊಳಗೆ ಪ್ರಥಮ ಅಪಘಾತ ವರದಿಯನ್ನು ನ್ಯಾಯಮಂಡಳಿಗೆ ಕಳಿಸಬೇಕು, ನಂತರ ವಿವರವಾದ ವರದಿಯನ್ನೂ ಕೊಡಬೇಕು. ಕಾನೂನಿನ ಪ್ರಕಾರ ಪೊಲೀಸರ ಈ ವರದಿಯನ್ನೇ ನ್ಯಾಯಮಂಡಳಿ ಪರಿಹಾರದ ಅರ್ಜಿ ಎಂದು ಪರಿಗಣಿಸಬೇಕು. ಆದರೂ ‘ಪೊಲೀಸರು ಕಳಿಸಿರ್ತಾರೆ ಬಿಡು’ ಎಂದು ಕೂರಬೇಡಿ.

4. ಆರು ತಿಂಗಳು ನೆನಪಿಡಿ. ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಎಂಬ ಮಿತಿ 2022ರ ಏಪ್ರಿಲ್‌ನಿಂದ ಬಂದಿದೆ. ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ. ತಡವಾಯಿತೆಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡದಂತೆ 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶವೂ ಬಂದಿದೆ. ಅದು ಮಧ್ಯಂತರ ಆದೇಶ ಮಾತ್ರ. ನೀವು ಆರು ತಿಂಗಳನ್ನೇ ಗಡುವು ಎಂದು ಇಟ್ಟುಕೊಳ್ಳುವುದು ಕ್ಷೇಮ.

5. ರಸ್ತೆಯಲ್ಲೇ ರಾಜಿ ಬೇಡ. ಐದೋ ಹತ್ತೋ ಸಾವಿರ ಕೈಗಿಟ್ಟು ಬಾಂಡ್ ಪೇಪರಿನ ಮೇಲೆ ಸಹಿ ಹಾಕಿಸಿಕೊಳ್ಳುವವರಿದ್ದಾರೆ. ಮೂಳೆ ಮುರಿದದ್ದು, ತಲೆಯೊಳಗಿನ ಏಟು ಆ ಹೊತ್ತಿಗೆ ಗೊತ್ತೇ ಆಗಿರುವುದಿಲ್ಲ.

6. ಇನ್ಶೂರೆನ್ಸ್ ಕಂಪನಿಯ ಆಫರ್ ಯೋಚಿಸಿ ಒಪ್ಪಿ. ಸೆಕ್ಷನ್ 164ರ ಪ್ರಕಾರ ಯಾರ ತಪ್ಪೆಂದು ಸಾಬೀತುಪಡಿಸದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ಕೇಳಬಹುದು. ಸಾಕ್ಷಿಯೇ ಇಲ್ಲದ ಪ್ರಕರಣಕ್ಕೆ ಇದು ವರ. ಆದರೆ ಕಂಪನಿಯೊಡನೆ ಒಪ್ಪಂದವಾಗಿ ಈ ಹಣ ಪಡೆದರೆ ನ್ಯಾಯಮಂಡಳಿಯಲ್ಲಿರುವ ನಿಮ್ಮ ದೊಡ್ಡ ಅರ್ಜಿ ಬಿದ್ದುಹೋಗುತ್ತದೆ. ಮೇಲಿನ ಮಂಡಕ್ಕಿ ಭಟ್ಟಿಯ ಕುಟುಂಬ 30 ಲಕ್ಷದ ಬದಲು 5 ಲಕ್ಷಕ್ಕೆ ಸಹಿ ಹಾಕಿದಂತಾಗುತ್ತದೆ.

7. ಪ್ರತಿ ಕಾಗದ ಇಟ್ಟುಕೊಳ್ಳಿ. ಡಿಸ್ಚಾರ್ಜ್ ಸಮ್ಮರಿ, ಔಷಧಿ ಬಿಲ್ಲು, ಎಕ್ಸ್‌ರೇ, ಆಟೋ ಬಾಡಿಗೆ ಚೀಟಿ ಎಲ್ಲವನ್ನೂ ಒಂದು ಕವರಿಗೆ ಹಾಕಿಡಿ. ಆದಾಯಕ್ಕೆ ಬ್ಯಾಂಕ್ ಪಾಸ್‌ಬುಕ್, ಫೋನ್‌ಪೇ ವಿವರ, ಕಾರ್ಮಿಕ ಕಾರ್ಡು, ಕೆಲಸ ಕೊಟ್ಟವರ ಸಾಕ್ಷಿ ಉಪಯೋಗಕ್ಕೆ ಬರುತ್ತವೆ.

8. ವಕೀಲರ ಫೀಸಿನ ಬಗ್ಗೆ ಮೊದಲೇ ಮಾತಾಡಿ. ಆಸ್ಪತ್ರೆ ವಾರ್ಡಿಗೇ ಬಂದು ‘ಬಂದ ಹಣದಲ್ಲಿ ಇಷ್ಟು ಪರ್ಸೆಂಟ್ ಕೊಡಿ ಸಾಕು’ ಎನ್ನುವ ಮಧ್ಯವರ್ತಿಗಳನ್ನು ನಂಬಬೇಡಿ. ಗೆದ್ದ ಹಣದಲ್ಲಿ ಪಾಲು ಕೇಳುವುದನ್ನು ಬಾರ್ ಕೌನ್ಸಿಲ್ ನಿಯಮಗಳೇ ನಿಷೇಧಿಸಿವೆ. ವಕೀಲರನ್ನು ಇಡಲು ಶಕ್ತಿ ಇಲ್ಲದಿದ್ದರೆ ಕೋರ್ಟ್ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಕೇಸು ಬೇಗ ಮುಗಿಯಬೇಕೆಂದರೆ ಲೋಕ ಅದಾಲತ್ ಒಂದು ದಾರಿ. ಆದರೆ ಅಲ್ಲಿ ಒಪ್ಪಿಕೊಂಡ ಮೊತ್ತವೇ ಅಂತಿಮ, ಅಪೀಲು ಇಲ್ಲ. ಆದ್ದರಿಂದ ಮೇಲಿನ ಗುಣಕದ ಪಟ್ಟಿ ಹಿಡಿದು ನಿಮ್ಮ ಲೆಕ್ಕ ಹಾಕಿಕೊಂಡೇ ಹೋಗಿ. ನ್ಯಾಯಮಂಡಳಿಯ ಆದೇಶ ಕಡಿಮೆ ಎನಿಸಿದರೆ 90 ದಿನದೊಳಗೆ ಹೈಕೋರ್ಟಿಗೆ ಅಪೀಲು ಹೋಗಬಹುದು. ದಾವಣಗೆರೆ ಜಿಲ್ಲೆಯವರಿಗೆ ಅದು ಬೆಂಗಳೂರಿನ ಪೀಠ.

ಸುಳ್ಳು ಕೇಸಿನ ಆಸೆ ಬೇಡ

ಇಷ್ಟೆಲ್ಲ ಓದಿದ ಮೇಲೆ ‘ತಾನೇ ಬಿದ್ದದ್ದಕ್ಕೂ ವಿಮೆ ಇರುವ ಯಾವುದಾದರೂ ಗಾಡಿ ತೋರಿಸಿದರಾಯಿತು’ ಎಂದು ಸಲಹೆ ಕೊಡುವವರೂ ಸಿಗುತ್ತಾರೆ. ಅದು ಅಪರಾಧ. ಆಸ್ಪತ್ರೆಯ ಮೊದಲ ದಾಖಲೆಯಲ್ಲಿ ಒಂದು ಇದ್ದು ದೂರಿನಲ್ಲಿ ಇನ್ನೊಂದು ಇದ್ದರೆ ಸಿಕ್ಕಿಬೀಳುವುದು ಕಷ್ಟವಲ್ಲ. ಇಂಥವರಿಂದಾಗಿ ನಿಜವಾಗಿ ನೊಂದವರನ್ನೂ ಅನುಮಾನದಿಂದ ನೋಡುವಂತಾಗುತ್ತದೆ.

ಹಾಗಾದರೆ ಏನನ್ನು ಫಾರ್ವರ್ಡ್ ಮಾಡಬೇಕು?

ಹತ್ತು ಪಟ್ಟಿನ ಮೆಸೇಜು ಮತ್ತೆ ಬಂದರೆ ಕಳಿಸಿದವರ ಮೇಲೆ ರೇಗಬೇಡಿ. ಅವರ ಉದ್ದೇಶ ಒಳ್ಳೆಯದೇ. ಅದರ ಕೆಳಗೆ ಈ ನಾಲ್ಕು ಸಾಲು ಹಾಕಿ:

ಅಪಘಾತ ಪರಿಹಾರಕ್ಕೆ ಐಟಿ ರಿಟರ್ನ್ಸ್ ಬೇಕೆಂದಿಲ್ಲ, ಕೂಲಿಯವರಿಗೂ ಗೃಹಿಣಿಯರಿಗೂ ಹಕ್ಕಿದೆ.
ಆರು ತಿಂಗಳೊಳಗೆ ನಿಮ್ಮ ಊರಿನ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಿ.
ಗಾಡಿ ಸಿಗದಿದ್ದರೆ ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ, ಸಾವಿಗೆ 2 ಲಕ್ಷ ಇದೆ.
ಗಾಯಾಳು ಕಂಡರೆ 112, ಉಚಿತ ವಕೀಲರಿಗೆ 15100.

ಇದನ್ನು ಓದಿದ ಒಂದು ಮನೆಯವರು ಆರು ತಿಂಗಳು ಕಳೆಯುವ ಮೊದಲು ಕೋರ್ಟಿನ ಮೆಟ್ಟಿಲು ಹತ್ತಿದರೂ ಆ ಫಾರ್ವರ್ಡು ಸಾರ್ಥಕ.